ಒಂದೇ ಬಂಡೆ, ಮೂವರು ಬ್ಲಾಸ್ಟಿಂಗ್ ಸಲಹೆಗಾರರು

ಮಾಗಡಿ ಕಡೆಯ ಒಂದು ಹಳ್ಳಿಯಲ್ಲಿ ಕುಡಿಯುವ ನೀರಿನ ಟ್ಯಾಂಕಿಗೆ ತಳಪಾಯ ತೋಡಬೇಕಿತ್ತು. ಎರಡಡಿ ಮಣ್ಣು ತೆಗೆದರೆ ಕೆಳಗೆಲ್ಲ ಗಟ್ಟಿ ಗ್ರಾನೈಟ್. ಬ್ರೇಕರ್ ಹಾಕಿ ನಾಲ್ಕು ದಿನ ಕುಟ್ಟಿಸಿದರೂ ಡೀಸೆಲ್ ಖರ್ಚಾಯಿತೇ ಹೊರತು ಬಂಡೆ ಜಗ್ಗಲಿಲ್ಲ. ಸಿಡಿಮದ್ದು ಹಾಕದೆ ಗತಿಯಿರಲಿಲ್ಲ. ಆದರೆ 60 ಮೀಟರ್ ದೂರದಲ್ಲಿ ಹಳೆಯ ಹೆಂಚಿನ ಮನೆ, ಅದರಾಚೆಗೇ ಊರು. 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡು, ಮರುತಿಂಗಳೇ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ: ಸ್ಫೋಟ ನಡೆದ ಈ ಎರಡು ಊರುಗಳ ಹೆಸರನ್ನು ಜನ ಮೊದಲ ದಿನವೇ ಎತ್ತಿದರು. ಅವರ ಭಯ ನ್ಯಾಯವಾದದ್ದೇ.

ಒಬ್ಬರನ್ನೇ ನೆಚ್ಚದೆ ಮೂವರನ್ನು ಕರೆಸಿದೆ. ಬಂಡೆಯನ್ನು ಮೂರು ಪಾಲು ಮಾಡಿ, ಪಾಲಿಗೆ 24 ಕುಣಿಯಂತೆ (ಮದ್ದು ತುಂಬಲು ಕೊರೆಯುವ ತೂತು) ಒಬ್ಬೊಬ್ಬರಿಗೆ ಕೊಟ್ಟೆ. ಕಂಪನ ಅಳೆಯುವ ಯಂತ್ರವನ್ನು ನಾನೇ ಬಾಡಿಗೆಗೆ ತಂದು, ಮೂರು ಸಲವೂ ಆ ಹೆಂಚಿನ ಮನೆಯ ಗೋಡೆಯ ಬುಡದಲ್ಲಿ ಅದೇ ಜಾಗದಲ್ಲಿ ಊರಿದೆ.

ಮೊದಲನೆಯವರು ಕ್ವಾರಿಯಲ್ಲೇ ಕೂದಲು ನರೆತ ಮೇಸ್ತ್ರಿ. ಮದ್ದು ಸಿಡಿಸುವ ಶಾಟ್‌ಫೈರರ್ ಪರವಾನಗಿ ಇತ್ತು, ಕೈಕೆಳಗೆ ಪಳಗಿದ ಹುಡುಗರಿದ್ದರು. ಬಂಡೆಯ ಮೇಲೆ ಬರಿಗಾಲಲ್ಲಿ ಓಡಾಡಿ, ಸುತ್ತಿಗೆಯಿಂದ ತಟ್ಟಿ ಸದ್ದು ಕೇಳಿ, ಕಲ್ಲು ಸುಲಭವಾಗಿ ಸೀಳುವ ಎಳೆ ಎತ್ತ ಹೋಗಿದೆ ಎಂದು ಸುಣ್ಣದಲ್ಲಿ ಗೆರೆ ಎಳೆದರು. ಕುಣಿಗೆ ಅರ್ಧ ಕೆಜಿ ಮದ್ದು. ಆದರೆ ಎಲ್ಲ ಕುಣಿಗಳನ್ನೂ ಡಿಟೋನೇಟಿಂಗ್ ಕಾರ್ಡ್‌ನಲ್ಲಿ (ಒಳಗೆ ಮದ್ದು ತುಂಬಿದ ಹಗ್ಗ) ಕಟ್ಟಿ ಒಂದೇ ಏಟಿಗೆ ಹಾರಿಸಿದರು. ಅಂದರೆ 12 ಕೆಜಿ ಒಟ್ಟಿಗೆ! ಕಲ್ಲು ಚೆನ್ನಾಗಿಯೇ ಒಡೆಯಿತು. ಯಂತ್ರದಲ್ಲಿ ನೆಲ ಅಲುಗುವ ವೇಗ ಸೆಕೆಂಡಿಗೆ 11.6 ಮಿಲಿಮೀಟರ್, ಆವೃತ್ತಿ, ಅಂದರೆ ಸೆಕೆಂಡಿಗೆ ಎಷ್ಟು ಸಲ ಅಲುಗಿತು ಎನ್ನುವುದು, 19 ಹರ್ಟ್ಸ್. ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ 1997ರ ಸುತ್ತೋಲೆಯ ಪ್ರಕಾರ ಇಂಥ ವಾಸದ ಮನೆಗಳಿಗೆ ಮಿತಿ 8 ಹರ್ಟ್ಸ್‌ಗಿಂತ ಕೆಳಗಾದರೆ 5 ಮಿಮೀ, 8ರಿಂದ 25ರೊಳಗೆ 10, ಅದಕ್ಕೂ ಮೇಲಾದರೆ 15. ಅದು ಗಣಿಗಳಿಗೆ ಹೊರಡಿಸಿದ್ದಾದರೂ ನನ್ನ ಕೆಲಸಕ್ಕೂ ಅದನ್ನೇ ಅಳತೆಗೋಲು ಮಾಡಿಕೊಂಡಿದ್ದೆ. ಮಿತಿ ದಾಟಿತ್ತು.

ಸಂಜೆ ಆ ಮನೆಯ ಅಜ್ಜಿ ಕರೆದು ಗೋಡೆಯ ಬಿರುಕು ತೋರಿಸಿದರು. ಅದು ಹಳೆಯದೋ ಹೊಸದೋ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಅವರ ಮಾತು ನಂಬಿ ಗಾರೆ ಮಾಡಿಸಿಕೊಟ್ಟೆ. ಬೆಳಿಗ್ಗೆ ಕಾರ್ಡ್ ಕಟ್ಟುವಾಗಲೇ ನಾನು ತಡೆಯಬೇಕಿತ್ತು. ಆ ತಪ್ಪು ನನ್ನದು.

ಎರಡನೆಯವರು ಮದ್ದು ಮಾರುವವರ ಕಡೆಯ ತಾಂತ್ರಿಕ ಪ್ರತಿನಿಧಿ. ಸಲಹೆಗೆ ದುಡ್ಡಿಲ್ಲ, ಮದ್ದು ಮಾತ್ರ ಅವರಿಂದಲೇ ಕೊಳ್ಳಬೇಕು. ಲ್ಯಾಪ್‌ಟಾಪ್‌ನಲ್ಲಿ ನಕ್ಷೆ, ವಿದ್ಯುತ್ ಇಲ್ಲದೆ ಮದ್ದು ಸಿಡಿಸುವ ನಾನೆಲ್ ಟ್ಯೂಬು, ಆರಾರು ಕುಣಿಗೆ ಒಂದು ಡಿಲೇ, ಅಂದರೆ ಆರಾರು ಕುಣಿಯ ಗುಂಪುಗಳು ಒಂದಾದ ಮೇಲೊಂದು ಚೂರು ತಡವಾಗಿ ಸಿಡಿಯುವ ಏರ್ಪಾಡು. ಕಂಪನ 5.3ಕ್ಕೆ ಇಳಿಯಿತು. ಆದರೆ ಕುಣಿಗೆ ಅರ್ಧ ಕೆಜಿ ಸಾಕಾಗುತ್ತಿದ್ದ ಬಂಡೆಗೆ 700 ಗ್ರಾಂ ಹಾಕಿಸಿದರು. ಮೇಲೆ ಮುಚ್ಚಲು ಡ್ರಿಲ್ಲಿನ ಪುಡಿಯನ್ನೇ ತುಂಬಿಸಿದರು. ಒಣ ಪುಡಿ ಒತ್ತಡ ತಡೆಯದೆ ಹಾರಿಹೋಗುತ್ತದೆ. ಹಾಗೇ ಆಯಿತು. ಮುಷ್ಟಿ ಗಾತ್ರದ ಕಲ್ಲೊಂದು ದನದ ಕೊಟ್ಟಿಗೆಯ ತಗಡು ತೂತು ಮಾಡಿಕೊಂಡು ಒಳಗೆ ಬಿತ್ತು. ಜನ, ದನ ಎಲ್ಲರನ್ನೂ ಮೊದಲೇ ದೂರ ಕಳಿಸಿದ್ದರಿಂದ ಬದುಕಿಕೊಂಡೆವು. ಮದ್ದು ಮಾರಿ ದುಡಿಯುವವರಿಂದ ಮದ್ದು ಕಮ್ಮಿ ಮಾಡುವ ಸಲಹೆ ಸಿಗುವುದು ಕಷ್ಟ ಎಂದು ಆ ತಗಡು ನೋಡುತ್ತ ನನಗೆ ಅನ್ನಿಸಿತು.

ಮೂರನೆಯವರು ಕೋಲಾರದ ಚಿನ್ನದ ಗಣಿಯಲ್ಲಿ ದುಡಿದು ಬಂದ ಮೈನಿಂಗ್ ಎಂಜಿನಿಯರ್. ಈಗ ಯಾರ ಕೈಕೆಳಗೂ ಇಲ್ಲ. ದಿನಕ್ಕೆ 18,000 ಕೇಳಿದಾಗ ದುಬಾರಿ ಅನ್ನಿಸಿದ್ದು ನಿಜ. ಮೊದಲೆರಡು ದಿನ ಬಂಡೆಯ ಹತ್ತಿರವೇ ಹೋಗಲಿಲ್ಲ. ಮನೆಮನೆಗೆ ಹೋಗಿ ಪ್ರತಿ ಬಿರುಕಿನ ಫೋಟೊ ತೆಗೆದರು. ಬಿರುಕು ಮುಗಿಯುವ ತುದಿಯಲ್ಲಿ ಪೆನ್ಸಿಲ್‌ನಿಂದ ಅಡ್ಡಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆದರು. ಅಜ್ಜಿಯ ಅಡುಗೆಮನೆಯಲ್ಲಿ ಒಲೆಯ ಹಿಂದಿನ ಮಸಿ ಒರೆಸಿ ನೋಡಿದಾಗ, ಯಾರ ಕಣ್ಣಿಗೂ ಬೀಳದ ಒಂದು ಬಿರುಕು ಸಿಕ್ಕಿತು. "ಇದಕ್ಕೂ ಗುರುತು ಹಾಕ್ತೀನಮ್ಮ, ಆಮೇಲೆ ನಮ್ಮಿಬ್ಬರಿಗೂ ಜಗಳ ಬೇಡ" ಎಂದರು.

ಆಮೇಲೆ ಬರೀ ನಾಲ್ಕು ಕುಣಿಯ ಪರೀಕ್ಷೆ. ಆ ಅಂಕಿ ನೋಡಿಕೊಂಡು 24 ಕುಣಿಗೆ 12 ಡಿಲೇ ಇಟ್ಟರು. ಯಾವ ಕ್ಷಣದಲ್ಲೂ 1 ಕೆಜಿಗಿಂತ ಹೆಚ್ಚು ಸಿಡಿಯುವಂತಿಲ್ಲ. ಒಟ್ಟು ಮದ್ದು ಎಷ್ಟು ಎನ್ನುವುದಕ್ಕಿಂತ ಒಂದು ಡಿಲೇಗೆ ಎಷ್ಟು ಎನ್ನುವುದೇ ಗೋಡೆಗೆ ಮುಟ್ಟುವ ಲೆಕ್ಕ ಎಂದು ಅವರಿಂದಲೇ ಕಲಿತೆ. ಕುಣಿಯ ಬಾಯಿಗೆ ಸಣ್ಣ ಚಿಪ್ಸ್ ಜಲ್ಲಿ ತುಂಬಿಸಿದರು. ಒತ್ತಡ ಬಿದ್ದಷ್ಟೂ ಅವು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಮೇಲೆ ಕಬ್ಬಿಣದ ಜಾಲರಿ, ಮರಳಿನ ಮೂಟೆ. ಕಂಪನ 1.9. ಒಂದು ಕಲ್ಲೂ ಹಾರಲಿಲ್ಲ. ಉಳಿದ ಡಿಟೋನೇಟರ್‌ಗಳನ್ನು ಎಣಿಸಿ, ರಿಜಿಸ್ಟರ್‌ಗೆ ಸಹಿ ಹಾಕಿಸಿ, ಕತ್ತಲಾಗುವ ಮೊದಲೇ ಮದ್ದಿನ ವ್ಯಾನಿಗೆ ಹತ್ತಿಸಿ ಕಳಿಸಿದರು. ಉಳಿದ ಮಾಲಿನ ಲೆಕ್ಕವನ್ನು ಬೇರೆ ಇಬ್ಬರಲ್ಲಿ ನಾನಾಗಿ ಕೇಳಬೇಕಾಗಿ ಬಂದಿತ್ತು.

ಕೊರತೆಯೂ ಇತ್ತು. ಅವರ ಪಾಲಿನ ಕಲ್ಲು ದೊಡ್ಡ ದೊಡ್ಡ ಗುಂಡಾಗಿ ಬಿತ್ತು, ಬ್ರೇಕರ್‌ಗೆ ಮತ್ತೆ ಒಂದೂವರೆ ದಿನದ ಕೆಲಸ. ಒಡೆದ ಕಲ್ಲಿನ ಹದದಲ್ಲಿ ಮೇಸ್ತ್ರಿಯನ್ನು ಮೀರಿಸಿದವರಿಲ್ಲ.

ಊರಿಂದ ದೂರದ ಬಯಲಿನಲ್ಲಾದರೆ ಒಳ್ಳೆಯ ಮೇಸ್ತ್ರಿ ಸಾಕು. ಸುರಂಗ, ಅಣೆಕಟ್ಟಿನಂಥ ಕೆಲಸಕ್ಕೆ ಕೆಜಿಎಫ್‌ನಲ್ಲಿ 1988ರಲ್ಲಿ ಶುರುವಾದ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆಯಂಥವರನ್ನೇ ಕೇಳಬೇಕು. ಮನೆಗಳ ನಡುವಿನ ಸಣ್ಣ ಕೆಲಸಕ್ಕೆ ನನ್ನ ಆಯ್ಕೆ ಮೂರನೆಯವರೇ. ಶಾಟ್‌ಫೈರರ್ ಪರವಾನಗಿ ಸಿಡಿಸುವ ಅರ್ಹತೆ ಅಷ್ಟೇ. ಎಷ್ಟು, ಯಾವಾಗ, ಯಾವ ಕ್ರಮದಲ್ಲಿ ಎಂದು ಲೆಕ್ಕ ಹಾಕುವುದು ಬೇರೆಯೇ ವಿದ್ಯೆ. ಸಲಹೆಗಾರರ ಹಳೆಯ ಕೆಲಸದ ಕಂಪನ ವರದಿಗಳನ್ನು ಕೇಳಿ ನೋಡಿ. ಅಂಕಿಯ ಜೊತೆ ಆವೃತ್ತಿಯನ್ನೂ ಬರೆಯದವರನ್ನು ನಾನಂತೂ ಕರೆಯುವುದಿಲ್ಲ.

ಮುಂದಿನ ಟ್ಯಾಂಕಿನ ಕೆಲಸಕ್ಕೆ ಆ ಎಂಜಿನಿಯರ್ ಜೊತೆ ಮೇಸ್ತ್ರಿಯನ್ನೂ ಕರೆದುಕೊಂಡು ಹೋದೆ. ಎಳೆ ಹಿಡಿದು ಸುಣ್ಣದ ಗೆರೆ ಎಳೆದದ್ದು ಮೇಸ್ತ್ರಿ, ಡಿಲೇ ಬರೆದದ್ದು ಎಂಜಿನಿಯರ್. ಕಲ್ಲೂ ಹದವಾಗಿ ಒಡೆಯಿತು, ಯಂತ್ರವೂ 2ರ ಮೇಲೆ ಹೋಗಲಿಲ್ಲ.