ಕೋವಿಡ್ ಆದವರ ‘ಹಾರ್ಟ್ ಪ್ಯಾಕೇಜ್’: ದುಡ್ಡು ಕಟ್ಟುವ ಮೊದಲು ಓದಿ

ಮಂಗಳೂರಿನ ಒಂದು ಡಯಾಗ್ನೋಸ್ಟಿಕ್ ಸೆಂಟರ್. ಹೆಸರು ಬೇಡ. ಪ್ಯಾಕೇಜಿನಲ್ಲಿ ಇಸಿಜಿ, ಎಕೋ (ಹೃದಯದ ಸ್ಕ್ಯಾನ್), ಟ್ರೊಪೋನಿನ್ (ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯಾ ನೋಡುವ ರಕ್ತಪರೀಕ್ಷೆ), ಡಿ-ಡೈಮರ್ (ರಕ್ತ ಹೆಪ್ಪುಗಟ್ಟಿದೆಯಾ ಅಂತ ಸುಳಿವು ಕೊಡುವ ರಕ್ತಪರೀಕ್ಷೆ), ಕೊನೆಗೆ ಡಾಕ್ಟರ್. ನನ್ನ ಲೆಕ್ಕದಲ್ಲಿ ಮೂರು ಸ್ಟಾರ್, ಅದರಲ್ಲಿ ಎರಡು ಡಾಕ್ಟರಿಗೆ.

ಕೋವಿಡ್ ಜ್ವರ ಬಿಟ್ಟು ತಿಂಗಳುಗಳಾದರೂ ಒಲೆ ಮುಂದೆ ನಿಂತು ನಾಲ್ಕು ನೀರುದೋಸೆ ಹೊಯ್ಯುವಷ್ಟರಲ್ಲಿ ಎದೆ ಡವಡವ, ಕಣ್ಣು ಮಂಜು. ಕೂತರೆ ಸರಿ. ಅದಕ್ಕೇ ಹೋದದ್ದು.

ಎಕೋ ಚೆನ್ನಾಗಿ ಮಾಡಿದರು. ಎಡಮಗ್ಗುಲಿಗೆ ಮಲಗಿಸಿ, ತಣ್ಣನೆ ಜೆಲ್ ಹಚ್ಚಿ, ಸ್ಕ್ರೀನ್ ತಿರುಗಿಸಿ ಕವಾಟ ತೆರೆದು ಮುಚ್ಚುವುದನ್ನೂ ತೋರಿಸಿದರು. ಪಂಪಿಂಗ್ 62 ಪರ್ಸೆಂಟ್, ನಾರ್ಮಲ್.

ತಕರಾರು ಇರುವುದು ಡಿ-ಡೈಮರ್ ಬಗ್ಗೆ. ಈ ವೈರಸ್ ರಕ್ತನಾಳದ ಒಳಪದರಕ್ಕೆ ಪೆಟ್ಟು ಕೊಡುತ್ತದೆ, ರಕ್ತ ಬೇಗ ಹೆಪ್ಪುಗಟ್ಟುತ್ತದೆ, ನಿಜ. ಆಸ್ಪತ್ರೆ ಸೇರಿದವರಿಗೆ ಈ ಟೆಸ್ಟ್ ಮಾಡುತ್ತಿದ್ದದ್ದು ಅದಕ್ಕೇ. ಆದರೆ ವಯಸ್ಸಾದರೂ ಇದು ಏರುತ್ತದೆ, ಬಸುರಿಯರಲ್ಲೂ ಏರುತ್ತದೆ, ಬೇರೆ ಇನ್ಫೆಕ್ಷನ್ ಆದರೂ ಏರುತ್ತದೆ. ಲಕ್ಷಣ ಇಲ್ಲದವರಿಗೆಲ್ಲ ಸುಮ್ನೆ ಯಾಕೆ ಮಾರಾಯ್ರೆ? ನನ್ನ ಪಕ್ಕ ಕೂತಿದ್ದ ಅಜ್ಜಿಯೊಬ್ಬರು ರಿಪೋರ್ಟಿನ ದಪ್ಪಕ್ಷರ ನೋಡಿ ನಡುಗಿಬಿಟ್ಟರು, ಕೌಂಟರಿನವರು ‘ಡಾಕ್ಟರ್ ಹೇಳ್ತಾರೆ’ ಅಂತ ಮುಂದಿನ ಟೋಕನ್ ಕೂಗಿದರು.

ಡಾಕ್ಟರ್ ಮಾತ್ರ ರಿಪೋರ್ಟ್ ಬದಿಗಿಟ್ಟು, ‘ಎಂತ ಆಗ್ತದೆ, ನಿಂತಾಗಲೋ ನಡೆದಾಗಲೋ?’ ಅಂತ ಕೇಳಿದರು. ಮಲಗಿಸಿದಾಗ ನಾಡಿ 72. ಆಮೇಲೆ 10 ನಿಮಿಷ ಸುಮ್ಮನೆ ನಿಲ್ಲಿಸಿ, ಬಿಪಿ ಪಟ್ಟಿ ಕಟ್ಟಿ, ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ ನೋಡುತ್ತಾ ಇದ್ದರು. ನಾಡಿ 114! ಬಿಪಿ ಇಳಿದಿರಲಿಲ್ಲ. ದೊಡ್ಡವರಲ್ಲಿ ಹೀಗೆ 30ಕ್ಕಿಂತ ಜಾಸ್ತಿ ಏರಿ, ತೊಂದರೆ ತಿಂಗಳುಗಟ್ಟಲೆ ಇದ್ದರೆ ಅದಕ್ಕೆ ಪಾಟ್ಸ್ (POTS) ಅನ್ನುತ್ತಾರಂತೆ. ಹೃದಯ ಸರಿ ಇದೆ, ಅದರ ವೇಗ ನೋಡಿಕೊಳ್ಳುವ ನರಗಳದ್ದೇ ಗಲಾಟೆ. ನೀರು ಜಾಸ್ತಿ, ಉಪ್ಪು ಸ್ವಲ್ಪ ಜಾಸ್ತಿ, ಕಾಲಿಗೆ ಬಿಗಿ ಸಾಕ್ಸ್. (ಬಿಪಿ ಇದ್ದವರು ಉಪ್ಪಿನ ಸುದ್ದಿಗೆ ಹೋಗಬೇಡಿ.) ತಮಾಷೆ ಎಂದರೆ, ಈ ಪರೀಕ್ಷೆ ಪ್ಯಾಕೇಜಿನ ಪಟ್ಟಿಯಲ್ಲೇ ಇಲ್ಲ.

ಹಾಗಂತ ಚೆಕಪ್ಪೇ ಬೇಡ ಅಂತಲ್ಲ. ಅಮೆರಿಕದ ಮಾಜಿ ಸೈನಿಕರಲ್ಲಿ ಕೋವಿಡ್ ಆದ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ನೋಡಿದ 2022ರ ಅಧ್ಯಯನದಲ್ಲಿ, ಆಸ್ಪತ್ರೆ ಸೇರದವರಿಗೂ ಮುಂದಿನ ಒಂದು ವರ್ಷ ಹೃದಯದ ತೊಂದರೆ ಜಾಸ್ತಿ ಕಂಡಿತ್ತು. ಶುಗರ್, ಬಿಪಿ ಇದ್ದವರು ಮೊದಲು ನಿಮ್ಮ ಡಾಕ್ಟರಿಗೆ ತೋರಿಸಿ, ಅವರು ಬರೆದ ಟೆಸ್ಟ್ ಮಾತ್ರ ಮಾಡಿಸಿ. ಎದೆನೋವು, ಉಸಿರುಕಟ್ಟುವುದು, ಒಂದೇ ಕಾಲು ಊದುವುದು ಇದ್ದರೆ ಪ್ಯಾಕೇಜ್ ಬುಕ್ ಮಾಡುತ್ತಾ ಕೂರಬೇಡಿ, ಸೀದಾ ಎಮರ್ಜೆನ್ಸಿಗೆ ಹೋಗಿ.

ಪಾರ್ಕಿಂಗ್ ಇಲ್ಲ. ರಿಕ್ಷಾದಲ್ಲಿ ಹೋಗಿ.