ಅಕ್ವೇರಿಯಂ ರಿಟರ್ನ್ ಪೈಪಿನಿಂದ ನೀರು ವಾಪಸ್ ಬರದಿರಲು: ಎನ್‌ಆರ್‌ವಿ, ತೂತು, ನಾಝಲ್ ಎತ್ತರ – ಯಾವುದು ವಾಸಿ?

ಮೀನಿನ ಟ್ಯಾಂಕಿನ ಕೆಳಗೆ ಸಂಪ್ (ನೀರು ಸೋಸುವ ತೊಟ್ಟಿ) ಇಟ್ಟವರು ಅಲ್ಲಿಂದ ನೀರನ್ನು ಪಂಪ್ ಮತ್ತು ರಿಟರ್ನ್ ಪೈಪಿನಿಂದ ಮೇಲಕ್ಕೆ ಕಳಿಸುತ್ತಾರೆ. ಕರೆಂಟ್ ಹೋದರೆ ಪಂಪ್ ನಿಲ್ಲುತ್ತದೆ, ರಿಟರ್ನ್ ಪೈಪು ನಿಲ್ಲುವುದಿಲ್ಲ. ನಾಝಲ್‌ನ ಬಾಯಿಗೆ ಗಾಳಿ ಸಿಗುವವರೆಗೂ ಟ್ಯಾಂಕಿನ ನೀರನ್ನು ಸಂಪ್‌ಗೆ ಎಳೆಯುತ್ತಲೇ ಇರುತ್ತದೆ. ಇದೇ ಸೈಫನ್. 120×45 ಸೆಂ.ಮೀ. ಟ್ಯಾಂಕಿನಲ್ಲಿ ಮಟ್ಟ ಒಂದು ಸೆಂ.ಮೀ. ಇಳಿಯಿತೆಂದರೆ 5.4 ಲೀಟರ್ ಕೆಳಗೆ ಬಂತು. ನಾಝಲ್ 8 ಸೆಂ.ಮೀ. ಆಳದಲ್ಲಿದ್ದರೆ 43 ಲೀಟರ್. 75×40 ಸೆಂ.ಮೀ. ಸಂಪ್‌ನಲ್ಲಿ ಅದು 14 ಸೆಂ.ಮೀ. ಏರಿಕೆ. ಅಷ್ಟು ಜಾಗ ಬಿಟ್ಟಿರುವವರು ಕಡಿಮೆ.

ಹೆಚ್ಚಿನವರು ಮೊದಲು ಕೊಳ್ಳುವುದು ಎನ್‌ಆರ್‌ವಿ (ನಾನ್-ರಿಟರ್ನ್ ವಾಲ್ವ್, ನೀರನ್ನು ಒಂದೇ ಕಡೆಗೆ ಬಿಡುವ ವಾಲ್ವ್). ಹಾಕಿದ ದಿನ ಚೆನ್ನಾಗಿಯೇ ಹಿಡಿಯುತ್ತದೆ. ಆಮೇಲೆ ರೆಪ್ಪೆ ಕೂರುವ ಜಾಗಕ್ಕೆ ಪಾಚಿ, ಮರಳಿನ ಕಾಳು, ಬಸವನಹುಳದ ಮರಿ, ಉಪ್ಪುನೀರಿನ ಟ್ಯಾಂಕಾದರೆ ಕ್ಯಾಲ್ಸಿಯಂ ಪದರ ಬಂದು ಸೇರುತ್ತವೆ. ನಿಮಿಷಕ್ಕೆ ಬರೀ 100 ಮಿ.ಲೀ. ಸೋರಿದರೂ ಏಳು ಗಂಟೆ ಚಿಲ್ಲರೆಯಲ್ಲಿ ಆ 43 ಲೀಟರೂ ಕೆಳಗಿಳಿದಿರುತ್ತದೆ. ಸ್ಪ್ರಿಂಗ್ ಇರುವುದು ಬೇಡ. ಅದನ್ನು ತಳ್ಳುವುದರಲ್ಲೇ ಸಣ್ಣ ಪಂಪಿನ ಜೋರು ಕರಗುತ್ತದೆ. ಬೋರ್‌ವೆಲ್ ಲೈನಿಗೆ ಹಾಕುವ ಹಿತ್ತಾಳೆಯದ್ದಂತೂ ಬೇಡವೇ ಬೇಡ, ಅದರ ತಾಮ್ರ ಸೀಗಡಿಗೆ ವಿಷ. ಹಾಕಲೇಬೇಕೆಂದರೆ ಪಿವಿಸಿ ರೆಪ್ಪೆಯದು ಹಾಕಿ, ಎರಡೂ ಕಡೆ ಯೂನಿಯನ್ (ತಿರುಗಿಸಿ ಬಿಚ್ಚಬಹುದಾದ ಜೋಡಣೆ) ಕೊಡಿ. ಸಾಲ್ವೆಂಟ್ ಹಚ್ಚಿ ಅಂಟಿಸಿಬಿಟ್ಟರೆ ತೊಳೆಯಲು ಪೈಪನ್ನೇ ಕೊಯ್ಯಬೇಕಾಗುತ್ತದೆ.

ತೂತಿಗೆ ಖರ್ಚಿಲ್ಲ, ಡ್ರಿಲ್ ಇದ್ದರಾಯಿತು. ಜಾಗ: ಟ್ಯಾಂಕಿನೊಳಗಿನ ಪೈಪಿನಲ್ಲಿ, ನೀರಿನ ಮಟ್ಟದಿಂದ 1 ಸೆಂ.ಮೀ. ಕೆಳಗೆ. ಮಟ್ಟಕ್ಕಿಂತ ಮೇಲೆ ಕೊರೆದರೆ ಪಂಪ್ ಓಡುವಷ್ಟು ಹೊತ್ತೂ ನೀರು ಚಿಮ್ಮಿ ಲೈಟು ಒದ್ದೆಯಾಗುತ್ತದೆ. 25 ಮಿ.ಮೀ. ಪೈಪಿಗೆ 6 ಮಿ.ಮೀ. ಬಿಟ್ ಹಾಕಿ, ಎದುರುಬದುರು ಎರಡು ತೂತು ಮಾಡಿ. 2–3 ಮಿ.ಮೀ. ತೂತು ನಂಬಿಕೆಗೆ ಅರ್ಹವಲ್ಲ: ಗಾಳಿ ಗುಳ್ಳೆಗುಳ್ಳೆಯಾಗಿ ಒಳಬಂದರೂ ನೀರಿನ ಸೆಳೆತಕ್ಕೆ ಸಿಕ್ಕಿ ಹರಿದುಹೋಗುತ್ತದೆ, ಸೈಫನ್ ಕಡಿಯುವುದಿಲ್ಲ. ಹರಿವು ಸ್ವಲ್ಪ ಕಡಿಮೆಯಾಗುತ್ತದೆ, ಆಗಲಿ. ಪಾಚಿ ಕಟ್ಟುವುದೇ ದೊಡ್ಡ ತೊಂದರೆ. ನೀರು ಬದಲಿಸುವಾಗಲೆಲ್ಲ ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ.

ನಮ್ಮ ಓಟು ನಾಝಲ್ ಎತ್ತರಕ್ಕೆ. 8 ಸೆಂ.ಮೀ.ಯಿಂದ 2 ಸೆಂ.ಮೀ.ಗೆ ಏರಿಸಿದರೆ ವಾಪಸಾಗುವ ನೀರು 43ರಿಂದ 11 ಲೀಟರಿಗೆ ಇಳಿಯುತ್ತದೆ. ಕಟ್ಟಿಕೊಳ್ಳುವ ಸಣ್ಣ ಕಂಡಿಯೂ ಇಲ್ಲ, ಕೆಡುವ ರೆಪ್ಪೆಯೂ ಇಲ್ಲ. ತಳದಲ್ಲಿ ನೀರಿನ ಓಡಾಟ ಸಾಲದಿದ್ದರೆ ವೇವ್‌ಮೇಕರ್ (ಟ್ಯಾಂಕಿನೊಳಗೇ ನೀರು ತಳ್ಳುವ ಸಣ್ಣ ಪಂಪ್) ಇಡಿ. ಅಥವಾ ಟ್ಯಾಂಕಿನ ಅಂಚಿನ ಮೇಲೆ ಟೀ (ಮೂರು ಬಾಯಿಯ ಪೈಪ್ ಜೋಡಣೆ) ಹಾಕಿ ಎರಡು ನಾಝಲ್ ಕೊಡಿ, ಒಂದು ಆಳಕ್ಕೆ, ಒಂದು ಮೇಲ್ಮಟ್ಟಕ್ಕೆ. ಮೇಲಿನದು ಗಾಳಿ ಎಳೆದರೆ ಎರಡೂ ನಿಲ್ಲುತ್ತವೆ.

ಯಾವುದೇ ಹಾಕಿ, ಅದು ಕೆಟ್ಟಿದೆ ಎಂದೇ ಲೆಕ್ಕ ಹಿಡಿದು ಪರೀಕ್ಷಿಸಿ. ಎನ್‌ಆರ್‌ವಿಯ ರೆಪ್ಪೆ ಬಿಚ್ಚಿಡಿ, ತೂತುಗಳನ್ನು ಬೆರಳಿಂದ ಒತ್ತಿಹಿಡಿಯಿರಿ, ಪಂಪ್ ಆರಿಸಿ. ಇನ್ನೊಬ್ಬರು ಸ್ವಿಚ್ ಹತ್ತಿರವೇ ಇರಲಿ. ನೀರು ಅಂಚಿಗೆ ಬಂದರೆ ತಕ್ಷಣ ಆನ್ ಮಾಡಲಿ. ನೀರು ನಿಂತ ಮೇಲೂ ಸಂಪ್‌ನಲ್ಲಿ 3 ಸೆಂ.ಮೀ. ಖಾಲಿ ಉಳಿಯಬೇಕು. ಉಳಿಯದಿದ್ದರೆ ಅಷ್ಟು ನೀರು ಮೊಗೆದು ತೆಗೆದು, ಪಂಪ್ ಹಾಕಿ, ಓಡುವಾಗಿನ ಮಟ್ಟಕ್ಕೆ ಗಾಜಿನ ಮೇಲೆ ಮಾರ್ಕರ್ ಗೆರೆ ಎಳೆಯಿರಿ. ನೀರು ತುಂಬಿಸುವಾಗ ಆ ಗೆರೆ ದಾಟಬೇಡಿ.