ಮ್ಯಾಮತ್ ದಂತ ಅಂತ ಕೊಂಡೆ, ಆನೆಯದಾಗಿತ್ತು

ಚಾಕುವಿಗೆ ಹಿಡಿ ಕೆತ್ತುವುದು ನನ್ನ ಕೆಲಸ. ಅದಕ್ಕೆಂದು ಆನ್‌ಲೈನ್‌ನಲ್ಲಿ ಒಂದು ದಂತದ ತುಂಡು ಕೊಂಡೆ. "ಮ್ಯಾಮತ್ ದಂತ, ಆ ಪ್ರಾಣಿ ಅಳಿದು ಸಾವಿರಾರು ವರ್ಷ ಆಯ್ತು, ಯಾವ ಕಾನೂನಿನ ತೊಂದರೆಯೂ ಇಲ್ಲ" ಅಂದರು ಮಾರಿದವರು. ಮ್ಯಾಮತ್ ಅಂದರೆ ಹಿಂದಿನ ಕಾಲದ, ಆನೆಯ ಕುಟುಂಬಕ್ಕೆ ಸೇರಿದ ಪ್ರಾಣಿ. ಕಂದು ಬಣ್ಣ, ಸಣ್ಣ ಬಿರುಕುಗಳು ನೋಡಿ ನಂಬಿಬಿಟ್ಟೆ. ಬಿಲ್‌ನಲ್ಲಿ ಸುಮ್ನೆ 'ಹಳೆಯ ದಂತ' ಅಂತಿತ್ತು. ಆಗಲೇ ಅನುಮಾನ ಬರಬೇಕಿತ್ತು.

ಎರಡು ತಿಂಗಳು ಕೂತು ಮಾಡಿದ ಚಾಕುವನ್ನು ಹೊರದೇಶದ ಗ್ರಾಹಕರಿಗೆ ಕಳಿಸಿದೆ. ಕಸ್ಟಮ್ಸ್‌ನವರು ಹಿಡಿದರು. ನನ್ನ ಬಳಿ ಪರವಾನಗಿ ಇಲ್ಲ, ಮೂಲದ ದಾಖಲೆಯೂ ಇಲ್ಲ. ಚಾಕು ವಾಪಸ್ ಬರಲಿಲ್ಲ.

ಮನೆಯಲ್ಲಿ ಅದೇ ದಂತದ ಉಳಿದ ಚೂರೊಂದಿತ್ತು. ಅಡ್ಡ ಕೊಯ್ದು, ಉಜ್ಜಿ, ಭೂತಗನ್ನಡಿ ಹಿಡಿದೆ. ದಂತದ ಅಡ್ಡಕೊಯ್ತದಲ್ಲಿ ಒಂದನ್ನೊಂದು ದಾಟುವ ಸಣ್ಣ ಗೆರೆಗಳಿರುತ್ತವೆ, ಶ್ರೇಗರ್ ಗೆರೆ ಅಂತಾರೆ. ಹೊರ ಅಂಚಿನ ಹತ್ತಿರ ಆ ಗೆರೆಗಳ ಕೋನ 90 ಡಿಗ್ರಿಗಿಂತ ಕಡಿಮೆ ಇದ್ದರೆ ಮ್ಯಾಮತ್, 115 ದಾಟಿದರೆ ಈಗಿನ ಆನೆ. ನಡುವೆ ಬಂದರೆ ಕಣ್ಣಿಂದ ಹೇಳಲಾಗದು. ಒಳಭಾಗದ ಗೆರೆ ಅಳೆಯಬೇಡಿ, ಅಲ್ಲಿ ಎರಡರಲ್ಲೂ ಕೋನ ಕಿರಿದು. ನಾನು ಹೊರ ಅಂಚಿನಲ್ಲಿ ಹತ್ತು ಕಡೆ ಅಳೆದೆ. ಎಲ್ಲವೂ 115ರ ಮೇಲೆ. ಕಂದು ಬಣ್ಣ ಯಾರೋ ಹಾಕಿದ್ದು. ಹೊಸ ದಂತವನ್ನು ಟೀ ನೀರಲ್ಲಿ ನೆನೆಸಿ ಹಳೆಯದರಂತೆ ಕಾಣಿಸುವವರಿದ್ದಾರೆ.

ಆನೆಯ ದಂತದ ಸುಮಾರು ಮೂರನೇ ಒಂದು ಭಾಗ ತಲೆಬುರುಡೆಯೊಳಗೆ ಇರುತ್ತದೆ. ಅದನ್ನು ಪೂರ್ತಿ ಕೀಳಲು ಕಳ್ಳಬೇಟೆಗಾರರು ಆನೆಯನ್ನೇ ಕೊಲ್ಲುತ್ತಾರೆ. ಇದು ನೆನಪಾದರೆ ಕೈ ಇನ್ನೂ ನಡುಗುತ್ತದೆ.

ಸರಿ, ನಿಜವಾದ ಮ್ಯಾಮತ್ ಆಗಿದ್ದರೆ? ಆಗಲೂ ನಿಶ್ಚಿಂತೆ ಇಲ್ಲ. ವನ್ಯಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್ 1989ರಲ್ಲಿ ಆಫ್ರಿಕಾದ ಆನೆಯನ್ನು ಅತಿ ಬಿಗಿಯಾದ ಪಟ್ಟಿಗೆ ಸೇರಿಸಿತು, ಮ್ಯಾಮತ್ ಆ ಪಟ್ಟಿಯಲ್ಲಿ ಇರಲಿಲ್ಲ. ಮಾರುವವರು ಹೇಳುವುದು ಇಷ್ಟನ್ನೇ. ಆದರೆ ಕ್ಯಾಲಿಫೋರ್ನಿಯಾ 2016ರ ಜುಲೈನಿಂದ ಮ್ಯಾಮತ್ ದಂತದ ಮಾರಾಟವನ್ನೂ ನಿಲ್ಲಿಸಿದೆ. ಆನೆ ದಂತ ಮ್ಯಾಮತ್ ಹೆಸರಲ್ಲಿ ನುಸುಳುತ್ತದೆ, ಅದಕ್ಕೇ. ಆನೆ ದಂತದ ಮಾರಾಟ ತಡೆಯುವ ಬ್ರಿಟನ್ನಿನ 2018ರ ಕಾಯ್ದೆಯಲ್ಲಿ ಕೆಲವು ಹಳೆಯ ವಸ್ತುಗಳಿಗೆ ವಿನಾಯಿತಿ ಇದೆ. ಉದಾಹರಣೆಗೆ 1947ಕ್ಕೆ ಮೊದಲು ತಯಾರಾಗಿ, ದಂತ ಶೇ 10ಕ್ಕಿಂತ ಕಡಿಮೆ ಇರುವ ವಸ್ತು, ಅದೂ ನೋಂದಣಿ ಮಾಡಿಸಿದರೆ. ಹಳೆಯ ಪಿಯಾನೋದ ದಂತದ ಕೀ ಕಿತ್ತು ಹೊಸ ಹಿಡಿ ಮಾಡಿದರೆ ಅದು ಹೊಸ ವಸ್ತುವೇ ಅಲ್ವಾ?

ಕೊಳ್ಳುವ ಮೊದಲು ನಿಮ್ಮ ಊರಿನ ಕಾನೂನಿನ ಜೊತೆ ಗ್ರಾಹಕರು ಇರುವ ಜಾಗದ ಕಾನೂನನ್ನೂ ನೋಡಿ. ಪ್ರಾಣಿಯ ಹೆಸರು ಮತ್ತು ಮೂಲವನ್ನು ಬಿಲ್‌ನಲ್ಲೇ ಬರೆಸಿಕೊಳ್ಳಿ. ಬರೆಯಲು ಹಿಂಜರಿದರೆ ಬಿಟ್ಟುಬಿಡಿ.

ಉಳಿದ ಚೂರನ್ನು ವನ್ಯಜೀವಿ ಅಧಿಕಾರಿಗಳಿಗೆ ಒಪ್ಪಿಸಿ, ಮಾರಿದವರ ವಿವರ ಕೊಟ್ಟು ಬಂದೆ. ಈಗ ಟಾಗ್ವಾ ಎಂಬ ತಾಳೆ ಜಾತಿಯ ಮರದ, ದಂತದಂತೆ ಕಾಣುವ ಬೀಜದಲ್ಲಿ ಕೆತ್ತುತ್ತಿದ್ದೇನೆ. ಬೀಜ ಚಿಕ್ಕದು, ಹಿಡಿಗೆ ಎರಡು ಮೂರು ಜೋಡಿಸಬೇಕು.